ತೊಡೆಯ ಮೇಲಿನ ಹುಟ್ಟುಗೋಲು

ಆಟೋ ಹತ್ತಿ ಕೂತ ಕೂಡಲೇ ನನ್ನ ಎರಡೂ ಕೈಗಳು ಸೊಂಟದ ಪಕ್ಕದಲ್ಲಿ ಏನನ್ನೋ ಹುಡುಕತೊಡಗುತ್ತವೆ. ಈ ಚಾಳಿ ಶುರುವಾಗಿ ಒಂದು ವರ್ಷವಾಯಿತು. ಮೊನ್ನೆ ಹೊಸಪೇಟೆ ಬಸ್ ನಿಲ್ದಾಣದ ಮುಂದೆ ಹತ್ತಿದ ಆಟೋದವನು ಕನ್ನಡಿಯಲ್ಲಿ ನನ್ನ ಪರದಾಟ ನೋಡಿ ಗಾಡಿಯನ್ನೇ ನಿಲ್ಲಿಸಿಬಿಟ್ಟ.

"ಏನ್ ಕಳಕೊಂಡ್ರಿ ಮೇಡಂ? ಪರ್ಸ್ ಬಿತ್ತೇನು?"

"ಇಲ್ಲಪ್ಪ, ಬೆಲ್ಟು."

"ಬೆಲ್ಟಾ? ಆಟೋದಾಗಾ?" ಅವನು ಹಿಂದೆ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಾ ಗಾದಿಗನೂರಿಂದ ದಿನಾ ಹೊಡಿತೀನ್ರಿ ಗಾಡಿ, ಬೆಲ್ಟ್ ಕೇಳಿದೋರು ನೀವ ಮದ್ಲು. ಇದರಾಗ ಬ್ರೇಕ್ ಒಂದ ಗಟ್ಟಿ ಐತಿ. ಆ ಕಂಬಿ ಹಿಡ್ಕಂಡು ಕುಂದ್ರಿ."

ಕಂಬಿ ಹಿಡಿದು ಕೂತೆ. ಅವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನು ನೋಡಿ ನೋಡಿ ನಗುತ್ತಿದ್ದ. ನಗಲಿ ಬಿಡಿ. ಈಗ ನನಗೆ ನಗಿಸಿಕೊಂಡು ಅಭ್ಯಾಸವಾಗಿದೆ.

ಹಾಗಂತ ನಾನು ಹುಟ್ಟಾ ಜಾಗರೂಕಳು ಎಂದೇನೂ ತಿಳಿಯಬೇಡಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು ನಾನು. ವರ್ಷಕ್ಕೊಮ್ಮೆ ಮಕ್ಕಳಿಂದ ರಸ್ತೆ ಸುರಕ್ಷತೆಯ ಮೆರವಣಿಗೆ ಮಾಡಿಸುತ್ತಿದ್ದೆವು. ಬಿಸಿಲಲ್ಲಿ ಅವರ ಗಂಟಲು ಹರಿಯುವಂತೆ ಘೋಷಣೆ ಕೂಗಿಸಿ, ಎಲ್ಲ ಮುಗಿದ ಮೇಲೆ ಮೂವರು ಮೇಡಂಗಳು ಒಂದೇ ಸ್ಕೂಟರಿನಲ್ಲಿ ಒತ್ತಿಕೊಂಡು ಮನೆಗೆ ಬರುತ್ತಿದ್ದೆವು. ಒಮ್ಮೆಯಂತೂ ಮಧ್ಯದಲ್ಲಿ ಕೂತವಳ ಕೈಯಲ್ಲಿ ಮೆರವಣಿಗೆಯ ಫಲಕವೇ ಇತ್ತು. ಮಧ್ಯದಲ್ಲಿ ಕೂತವಳು ನಾನೇ. ಇನ್ನು ನಮ್ಮ ಯಜಮಾನರು ಕಂಪ್ಲಿಯವರು. ಕಂಪ್ಲಿಯಿಂದ ಹೊಸಪೇಟೆಯವರೆಗೆ ಹೆಲ್ಮೆಟ್ಟನ್ನು ಮಗುವಿನ ಹಾಗೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬರುತ್ತಾರೆ. ಪೊಲೀಸರು ಕಂಡಾಗ ಮಾತ್ರ ಅದಕ್ಕೆ ತಲೆಯ ಮೇಲೆ ಏರುವ ಯೋಗ. ಇಂಥ ಮನೆಯಲ್ಲಿದ್ದುಕೊಂಡು ನಾನು ಆಟೋದಲ್ಲಿ ಬೆಲ್ಟು ಹುಡುಕುವ ಹಾಗಾದದ್ದಕ್ಕೆ ನಮ್ಮ ಚಿಕ್ಕಪ್ಪ, ಅವನ ಮೊಮ್ಮಗಳು ರೇಣುಕಾ, ಮತ್ತು ನನ್ನದೇ ತಿಕ್ಕಲುತನ ಕಾರಣ.

ವಿಮಾನದ ಕಥೆಗೆ ಹೋಗುವ ಮುನ್ನ ಹರಿಗೋಲಿನ ಕಥೆ ಹೇಳದೆ ಗತ್ಯಂತರವಿಲ್ಲ. ನನ್ನ ತವರು ಹಂಪಿ. ಅಪ್ಪ, ಚಿಕ್ಕಪ್ಪ ಇಬ್ಬರೂ ಹೊಳೆಯಲ್ಲಿ ಹರಿಗೋಲು ನಡೆಸಿದವರು. ಅಪ್ಪ ಬೇಗ ಬಿಟ್ಟು ಬೇರೆ ಕೆಲಸ ಹಿಡಿದ. ಚಿಕ್ಕಪ್ಪ ಬಿಡಲಿಲ್ಲ. ಹರಿಗೋಲು ಅಂದರೆ ಬಿದಿರಿನ ದೊಡ್ಡ ಬುಟ್ಟಿ, ಅಷ್ಟೇ. ಹಿಂದೆ ಅದರ ತಳಕ್ಕೆ ಚರ್ಮ ಹೊಲಿಯುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಅದಕ್ಕೆ ಮೂತಿಯಿಲ್ಲ, ಬಾಲವಿಲ್ಲ, ಎತ್ತ ತಿರುಗಿದರೂ ಒಂದೇ. ಅದರಲ್ಲಿ ನಮ್ಮ ಚಿಕ್ಕಪ್ಪ ಮನುಷ್ಯರು, ಮೇಕೆಗಳು, ಸೈಕಲ್ಲು, ಹಾಲಿನ ಕ್ಯಾನು, ಬಾಳೆಗೊನೆ ಎಲ್ಲವನ್ನೂ ಒಂದು ಲೆಕ್ಕದಲ್ಲಿ ಕೂರಿಸುತ್ತಿದ್ದ. ದಪ್ಪಗಿದ್ದವರು ನಡುವೆ. ಮಾತಾಡುವವರು ಒಬ್ಬರಿಗೊಬ್ಬರು ದೂರ. ಗಣಿತ ಕಲಿಯಲು ನಾನು ಶಾಲೆಗೆ ಹೋಗಬೇಕಾಗಿರಲಿಲ್ಲ.

ಅವನಿಗೆ ಎರಡೇ ಎರಡು ಕಟ್ಟಳೆ. ಹರಿಗೋಲು ದಂಡೆ ಬಿಟ್ಟ ಮೇಲೆ ಯಾರೂ ನಿಲ್ಲಕೂಡದು. ಆಚೆ ದಂಡೆ ಮುಟ್ಟಿದಾಗ ಮೊದಲು ಅವನು ಇಳಿದು, ಅಂಚನ್ನು ಕಾಲಿನಿಂದ ಬಂಡೆಗೆ ಒತ್ತಿ ಹಿಡಿದ ಮೇಲೆಯೇ ಉಳಿದವರು ಏಳಬೇಕು. ಯಾರಾದರೂ ನಡುಹೊಳೆಯಲ್ಲಿ ನಿಂತರೆ ಅವನು ಬೈಯುತ್ತಿರಲಿಲ್ಲ. ಹುಟ್ಟುಗೋಲನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ನೀರನ್ನೇ ನೋಡುತ್ತ ಕೂತುಬಿಡುತ್ತಿದ್ದ. ಹರಿಗೋಲು ತನ್ನ ಪಾಡಿಗೆ ತಾನು ನಿಧಾನವಾಗಿ ತಿರುಗುತ್ತಿತ್ತು. ನಿಂತವರು ಕೂರುವವರೆಗೂ ಅವನಿಗೂ ಆ ಪ್ರಯಾಣಕ್ಕೂ ಸಂಬಂಧವಿಲ್ಲ.

ಎಂಟು ವರ್ಷದವಳಿದ್ದಾಗ ನಾನು ಹಾಗೆ ಒಮ್ಮೆ ನಿಂತಿದ್ದೆ. ಮಿಂಚುಳ್ಳಿಯೊಂದು ನೀರಿಗೆ ಧುಮುಕಿದ್ದು ಕಂಡು, ಅದು ಮೀನು ಹಿಡಿಯಿತೋ ಇಲ್ಲವೋ ತಿಳಿಯದೆ ಜೀವ ತಡೆಯಲಿಲ್ಲ. ಹುಟ್ಟು ತೊಡೆಯೇರಿತು. ಹರಿಗೋಲಿನಲ್ಲಿದ್ದ ಅಷ್ಟೂ ಜನ ನನ್ನನ್ನು ನೋಡಿದರು. ಮಜ್ಜಿಗೆ ಮಾರುವ ಒಬ್ಬ ಹೆಂಗಸು ನನ್ನ ಲಂಗ ಹಿಡಿದು ಜಗ್ಗಿ ಕೂರಿಸಿದಳು. ಬೈಸಿಕೊಂಡಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ಮೌನ ಮಾತ್ರ ಮರೆತಿಲ್ಲ.

ಇನ್ನೊಮ್ಮೆ ಯಾರೋ ದೊಡ್ಡ ಸಾಹೇಬರು ಕ್ಯಾಮೆರಾ ಹಿಡಿದು ನಿಂತರು. ಹುಟ್ಟು ತೊಡೆಯೇರಿತು. ಸಾಹೇಬರು ಕೆಂಡವಾದರು. "ನಾನ್ಯಾರು ಅಂತ ಗೊತ್ತೇನಯ್ಯಾ ನಿಂಗೆ?" ಎಂದರು. ಚಿಕ್ಕಪ್ಪ ಬಹಳ ವಿನಯದಿಂದ, "ನನಗ ಗೊತ್ತೈತ್ರಿ ಸಾಹೇಬ್ರ, ಹೊಳಿಗೆ ಗೊತ್ತಿಲ್ಲಲ್ರಿ" ಎಂದ. ಅವರು ಕೂತರು. ಆದರೆ ಆಮೇಲೆ ಒಂದು ತಿಂಗಳು ಚಿಕ್ಕಪ್ಪನ ಹರಿಗೋಲು ದಂಡೆಯಲ್ಲಿ ಮಗುಚಿಕೊಂಡೇ ಇತ್ತು. ಏನೋ ನೆವ ಹೇಳಿ ನಿಲ್ಲಿಸಿದ್ದರು. ಆ ತಿಂಗಳು ಅವನು ಬಾಳೆತೋಟದಲ್ಲಿ ಕೂಲಿ ಮಾಡಿದ, ಯಾರ ಮುಂದೆಯೂ ಗೊಣಗಲಿಲ್ಲ.

ಇಂಥವನ ಮೊಮ್ಮಗಳು ರೇಣುಕಾ. ಅಂದರೆ ನನಗೆ ತಮ್ಮನ ಮಗಳು, ನಾನು ಅವಳಿಗೆ ಅತ್ತೆ. ಹಂಪಿಗೆ ಬರುವ ಪ್ರವಾಸಿಗರ ಜೊತೆ ಮಾತಾಡಿಯೇ ಇಂಗ್ಲಿಷ್ ಕಲಿತಳು, ಹಿಂದಿಯನ್ನೂ ಕಲಿತಳು. ಹೊಸಪೇಟೆಯಲ್ಲಿ ಕಾಲೇಜು ಮುಗಿಸಿ, ಅದೇನೋ ತರಬೇತಿಗೆ ಸೇರಿ, ಒಂದು ದಿನ ವಿಮಾನದ ಗಗನಸಖಿಯಾಗಿಬಿಟ್ಟಳು. ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ, ಅದು ದಾಟಿದರೆ ಕೆಲಸ ಕಾಯಂ. ನಮ್ಮ ವಂಶದಲ್ಲಿ ಏಣಿಗಿಂತ ಎತ್ತರ ಹತ್ತಿದ ಮೊದಲ ಹೆಣ್ಣು ಅವಳೇ.

ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲೇನ್ ಕೆಲಸವಾ ನಿಂದು?"

"ಊಟ, ನೀರು ಕೊಡೋದು ಐತಿ ತಾತ. ಆದ್ರ ಖರೆ ಕೆಲಸ ಅಂದ್ರ ಮಂದೀನ ಕುಂದ್ರಿಸೋದು. ಏಳಬ್ಯಾಡ್ರಿ, ಬೆಲ್ಟ್ ಕಟ್ಕಳ್ರಿ ಅನ್ನೋದು. ಏನರ ಆದ್ರ ಎಲ್ರನ್ನೂ ಇಳಿಸಿ ಆಮ್ಯಾಲ ನಾವು ಇಳಿಯೋದು."

"ಹಂಗಾದ್ರ ನಮ್ದ ಕೆಲಸ ಬಿಡು," ಎಂದ ಚಿಕ್ಕಪ್ಪ. ಅವತ್ತಿನಿಂದ ಊರಲ್ಲಿ ಸಿಕ್ಕವರಿಗೆಲ್ಲ, ನಮ್ಮ ಹುಡುಗಿ ಗಾಳಿ ಮೇಲೆ ಹರಿಗೋಲು ನಡೆಸುತ್ತಾಳೆ ಎಂದು ಹೇಳಿಕೊಂಡು ತಿರುಗಿದ.

ಕಳೆದ ವರ್ಷ ಅವನ ಕಣ್ಣಿನ ಪೊರೆ ತೆಗೆಸಲು ನಾನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಹೋಗುವಾಗ ರೈಲು. ಬರುವಾಗ ಮಾತ್ರ ರೇಣುಕಾ ಹಟ ಹಿಡಿದಳು. ಅವಳು ಕೆಲಸ ಮಾಡುವ ಪುಟ್ಟ ವಿಮಾನ, ನಮ್ಮ ಸಂಡೂರಿನ ಬೆಟ್ಟಗಳ ಈಚೆಯ ಸಣ್ಣ ನಿಲ್ದಾಣಕ್ಕೆ ಬರುವುದು. ಆ ದಿನ ಅವಳದೇ ಪಾಳಿ. ಕಾಯಂ ಆಗಲು ಇನ್ನು ಹತ್ತೇ ದಿನ ಉಳಿದಿತ್ತು. "ನನ್ನ ಇಮಾನದಾಗ ತಾತ ಒಮ್ಮೆ ಕುಂದ್ರಬೇಕತ್ತಿ," ಎಂದಳು. ನನಗೂ ಅದೇ ಮೊದಲ ವಿಮಾನ. ಆದರೆ ನಿವೃತ್ತ ಮೇಡಂ ಅಲ್ಲವೇ, ಹತ್ತಾರು ಸಲ ಹಾರಿದವಳಂತೆ ಮುಖ ಮಾಡಿಕೊಂಡು ನಡೆದೆ. ತಪಾಸಣೆಯಲ್ಲಿ ಚಿಕ್ಕಪ್ಪನ ಅಡಕತ್ತರಿ ತೆಗೆದಿಟ್ಟುಕೊಂಡರು. ಅವನು ಬೇಸರಿಸಲಿಲ್ಲ. "ಕಟ್ಟಳೆ ಅಂದ್ಮ್ಯಾಲ ಕಟ್ಟಳೆ," ಎಂದು ಬಾಯೊಳಗಿನ ಅಡಿಕೆ ಹೋಳನ್ನೇ ಮೆಲ್ಲಗೆ ಚಪ್ಪರಿಸುತ್ತ ಬಂದ.

ರೇಣುಕಾ ನಡುದಾರಿಯಲ್ಲಿ ನಿಂತು ಬೆಲ್ಟು ಹಾಕುವುದು, ಬಿಚ್ಚುವುದು, ಆಮ್ಲಜನಕದ ಮುಖವಾಡ ಹಾಕುವುದು ತೋರಿಸಿದಳು. ಯಾರೂ ನೋಡುತ್ತಿರಲಿಲ್ಲ. ಎಲ್ಲರ ತಲೆ ಮೊಬೈಲಿನೊಳಗೆ. ಚಿಕ್ಕಪ್ಪ ಒಬ್ಬ ಹೊಸ ಕಣ್ಣನ್ನು ಅಗಲಿಸಿ ನೋಡಿದ, ಬೆಲ್ಟನ್ನು ಮೂರು ಸಲ ಬಿಚ್ಚಿ ಹಾಕಿ ಅಭ್ಯಾಸ ಮಾಡಿದ. ಸಾಲದ್ದಕ್ಕೆ ಆಚೆ ಸಾಲಿನಲ್ಲಿದ್ದ ದಪ್ಪ ಬೂಟಿನ ಗೃಹಸ್ಥರಿಗೆ, "ಹುಡುಗಿ ಹೇಳಾಕ ಹತ್ಯಾಳ್ರಿ, ಒಂದೀಟು ಕೇಳ್ರಿ" ಎಂದ. ಅವರು ಮೊಬೈಲು ಕಿಸೆಗಿಟ್ಟು, "ತಪ್ಪಾತು ಹಿರಿಯರ" ಎಂದು ಕೈಕಟ್ಟಿ ಕೂತರು. ಅವರು ಸಂಡೂರಿನ ಕಡೆಯ ಒಂದು ಗಣಿಯಲ್ಲಿ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ ಎಂದು ಆಮೇಲೆ ತಿಳಿಯಿತು. ಹಣೆಬರಹ ನೋಡಿ.

ರೇಣುಕಾಳ ಜೊತೆ ಇನ್ನೊಬ್ಬಳಿದ್ದಳು, ಅವಳ ಹಿರಿಯ ಸಹೋದ್ಯೋಗಿ, ಉತ್ತರದ ಕಡೆಯ ಹುಡುಗಿ ನೇಹಾ. ಇಬ್ಬರಿಗೂ ಮುಂದೆ, ನಮಗೆ ಎದುರಾಗಿ, ಗೋಡೆಗೆ ಮಡಚಿಟ್ಟ ಕುರ್ಚಿಗಳು. ವಿಮಾನ ಓಡತೊಡಗಿದಾಗ ರೇಣುಕಾ ಹೆಗಲಿನ ಪಟ್ಟಿಯನ್ನೂ ಬಿಗಿದುಕೊಂಡು ಕೂತಳು. ನೇಹಾಳ ಪಟ್ಟಿಗಳು ಗೋಡೆಯಲ್ಲೇ ಜೋತಾಡುತ್ತಿದ್ದವು. ಅವಳು ಮೊಬೈಲು ನೋಡುತ್ತ, ಕಾಲ ಮೇಲೆ ಕಾಲು ಹಾಕಿ, ಸಂತೆಗೆ ಹೊರಟ ಟ್ರ್ಯಾಕ್ಟರಿನಲ್ಲಿ ಕೂತಷ್ಟು ನಿರಾಳವಾಗಿದ್ದಳು.

"ಹೇಳೋ ಹುಡುಗೀನ ಕಟ್ಟಿಲ್ಲಲ್ಲವಾ," ಎಂದ ಚಿಕ್ಕಪ್ಪ ನನ್ನ ಕಿವಿಯಲ್ಲಿ.

"ಅವರಿಗೆ ರೂಢಿ ಇರ್ತೈತಿ ಚಿಕ್ಕಪ್ಪ."

"ನಮ್ಮ ಹೊಳ್ಯಾಗ ಮುಣುಗಿದೋರೆಲ್ಲ ರೂಢಿ ಇದ್ದೋರ."

ನಾನು ಕಿಟಕಿಯತ್ತ ತಿರುಗಿಬಿಟ್ಟೆ. ಹಳ್ಳಿಯವರನ್ನು ವಿಮಾನ ಹತ್ತಿಸಿದರೆ ಹೀಗೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಂದುಕೊಂಡವಳು ಹುಟ್ಟಿದ್ದೂ ಅದೇ ಹಳ್ಳಿಯಲ್ಲಿ ಎಂಬುದು ಆ ಎತ್ತರದಲ್ಲಿ ಮರೆತುಹೋಗಿತ್ತು.

ಮುಕ್ಕಾಲು ಗಂಟೆಯಾಗಿರಬಹುದು. ಬೆಲ್ಟಿನ ದೀಪ ಹೊತ್ತಿತು. ವಿಮಾನ ಇಳಿಯತೊಡಗಿದೆ ಎಂದು ರೇಣುಕಾ ಮೂರು ಭಾಷೆಯಲ್ಲಿ ಹೇಳಿ ತನ್ನ ಕುರ್ಚಿಗೆ ಹೋಗಿ ಕೂತಳು. ನೇಹಾ ಇನ್ನೂ ಮುಂದಿನ ಪರದೆಯ ಪಕ್ಕದ ಗೋಡೆಗೆ ಒರಗಿ ನಿಂತು ಬಿಸ್ಕತ್ತು ತಿನ್ನುತ್ತಿದ್ದಳು. ಆಗ ಕಿಟಕಿಯಲ್ಲಿ ನಮ್ಮ ಹೊಳೆಯ ನೀರು ಕಂಡಿತು! ಡ್ಯಾಮಿನ ಹಿಂದೆ ಹರಡಿಕೊಂಡ ನೀರು, ಆಚೆ ಕೆಂಪು ಗುಡ್ಡಗಳು. ಬದುಕಿಡೀ ಆ ನೀರಿನ ಮಟ್ಟದಲ್ಲೇ ಕೂತಿದ್ದ ಚಿಕ್ಕಪ್ಪ ಈಗ ಅದನ್ನು ಮೇಲಿನಿಂದ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು, ಔಷಧದ್ದೋ ಸಂತೋಷದ್ದೋ ಗೊತ್ತಿಲ್ಲ. ನನಗೋ ಒಂದೇ ಹುಚ್ಚು. ಕಿಟಕಿಯಲ್ಲಿ ಡ್ಯಾಮು, ಮುಂದೆ ಚಿಕ್ಕಪ್ಪ, ಪಕ್ಕದಲ್ಲಿ ಸಮವಸ್ತ್ರದ ರೇಣುಕಾ. ಇಂಥ ಫೋಟೋ ನಮ್ಮ ವಂಶದಲ್ಲಿ ಮತ್ತೆ ಸಿಗುತ್ತದೆಯೇ? ಕೈಯೆತ್ತಿ ತಲೆಯ ಮೇಲಿನ ಕರೆಗಂಟೆ ಒತ್ತಿದೆ.

ರೇಣುಕಾ ಕೂತಲ್ಲಿಂದಲೇ ಬೇಡವೆಂದು ತಲೆಯಾಡಿಸಿದಳು. ನಾನು ಮತ್ತೆ ಒತ್ತಿದೆ. ಮೊಬೈಲು ಎತ್ತಿ ತೋರಿಸಿ, ಒಂದೇ ಒಂದು ಎಂದು ಬೆರಳು ಮಾಡಿದೆ. ನೇಹಾಗೆ ಅರ್ಥವಾಗಿ ನಗು ಬಂತು. ಅಜ್ಜ ಅಲ್ಲವೇ, ಇನ್ನೂ ಎರಡು ನಿಮಿಷವಿದೆ, ಹೋಗು, ನಾನೇ ತೆಗೆಯುತ್ತೇನೆ ಎಂದು ಹಿಂದಿಯಲ್ಲಿ ಹುರಿದುಂಬಿಸಿದಳು. ಹಿರಿಯಳ ಮಾತು, ಅತ್ತೆಯ ಆಸೆ, ತಾತನ ಮುಖ. ಹುಡುಗಿ ಪಟ್ಟಿ ಬಿಚ್ಚಿ ಎದ್ದು ಬಂದಳು. ಅವಳು ಎದ್ದದ್ದೇ ತಡ, ಹಿಂದಿನ ಸಾಲುಗಳಲ್ಲಿ ನಾಲ್ಕಾರು ಜನ ತಾವೂ ಎದ್ದು ಮೇಲಿನ ಚೀಲಗಳಿಗೆ ಕೈಹಾಕಿದರು.

"ಕುಂದ್ರೀ!"

ಅದು ಚಿಕ್ಕಪ್ಪನ ಹೊಳೆಯ ದನಿ. ಈ ದಂಡೆಯಿಂದ ಆ ದಂಡೆಗೆ ಕೇಳಿಸಬೇಕಾದ ದನಿ, ಆ ಪುಟ್ಟ ವಿಮಾನದೊಳಗೆ. ಎದ್ದವರೆಲ್ಲ ದೊಪ್ಪನೆ ಕೂತರು. ಭಾಷೆ ಬಾರದವರೂ ಕೂತರು. ರೇಣುಕಾ ಮಾತ್ರ ನಡುದಾರಿಯಲ್ಲಿ ಕಲ್ಲಾಗಿ ನಿಂತಿದ್ದಳು. ಚಿಕ್ಕಪ್ಪ ಅವಳ ಮುಖ ನೋಡದೆ ಪಕ್ಕದ ಖಾಲಿ ಸೀಟು ತೋರಿಸಿದ. "ನೀನೂ. ಮದ್ಲು ಕುಂದ್ರು."

ಅವಳು ಕೂತು ಬೆಲ್ಟು ಸಿಕ್ಕಿಸಿದಳೋ ಇಲ್ಲವೋ, ಗುಡ್ಡದ ಕಡೆಯಿಂದ ಬಂದ ಗಾಳಿಗೆ ವಿಮಾನ ಒಮ್ಮೆ ಪಕ್ಕಕ್ಕೆ ವಾಲಿ ದಢಕ್ಕೆಂದು ಕುಸಿಯಿತು. ನನ್ನ ಮೊಬೈಲು ಕೈಯಿಂದ ಹಾರಿ ಎಲ್ಲೋ ಹೋಯಿತು. ನೇಹಾ ಪರದೆಯನ್ನು ತಬ್ಬಿಕೊಂಡು, ಪರದೆ ಬಳೆಗಳ ಸಮೇತ ಕಿತ್ತು ಬಂದು, ಅದನ್ನು ಹೊದ್ದುಕೊಂಡೇ ನೆಲಕ್ಕೆ ಕೂತಳು. ಬಿಸ್ಕತ್ತಿನ ಪುಡಿ ಮೂರನೇ ಸಾಲಿನವರೆಗೂ ಬಂತು. ಮರುಗಳಿಗೆ ಚಕ್ರಗಳು ನೆಲ ಮುಟ್ಟಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ರೇಣುಕಾ ನಿಂತಿದ್ದ ಜಾಗವನ್ನು ನಾನು ನೋಡಿದೆ. ಅಲ್ಲಿ ಅವಳ ತಲೆಯ ಮಟ್ಟಕ್ಕೆ ಸರಿಯಾಗಿ ಸಾಮಾನಿಡುವ ಪೆಟ್ಟಿಗೆಯ ಬಾಗಿಲು ತೆರೆದು ಬಡಿದುಕೊಳ್ಳುತ್ತಿತ್ತು.

ಇಳಿದ ಮೇಲೆ ಬೂಟಿನ ಅಧಿಕಾರಿಗಳು ನಮ್ಮ ಹತ್ತಿರ ಬಂದರು. "ಹಿರಿಯರ, ನಿಮಗ ಕೈ ಮುಗಿಬೇಕು," ಎಂದು ಚಿಕ್ಕಪ್ಪನಿಗೆ ಹೇಳಿ, ನನ್ನತ್ತ ತಿರುಗಿ, "ಆದ್ರ ಇದನ್ನ ನಾ ಬರದು ಕಳಿಸ್ಬೇಕಾಗ್ತೈತ್ರಿ ಮೇಡಂ. ಗಣ್ಯಾಗ ಹೆಲ್ಮೆಟ್ ಹಾಕದೋರ ಹೆಸರು ಬರಕೊಳ್ಳೋದ ನನ್ನ ಕೆಲಸ. ಇಲ್ಲಿ ಕಣ್ಣು ಮುಚ್ಚಿದ್ರ ಅಲ್ಲಿ ಯಾವ ಮುಖ ಇಟ್ಕಂಡು ಬರಿಲಿ?" ಎಂದರು.

ನಾನು ಗೋಗರೆದೆ. ಹುಡುಗಿ ನಮ್ಮದು, ಇನ್ನು ಹತ್ತು ದಿನದಲ್ಲಿ ಕೆಲಸ ಕಾಯಂ ಆಗುತ್ತದೆ, ನಿಮ್ಮ ಮಗಳೆಂದು ತಿಳಿಯಿರಿ ಎಂದೆಲ್ಲ ಹೇಳಿದೆ. ಅವರಿಗೂ ಕನಿಕರವಾಯಿತೆಂದು ಕಾಣುತ್ತದೆ. "ಸೋಮವಾರದ ತನಕ ಬರಿಯಂಗಿಲ್ಲ. ಅಷ್ಟರಾಗ ಆಕೀನ ತನ್ನ ತಪ್ಪು ತಾನು ಬರಕೊಟ್ರ ಅದರ ಬೆಲೆನ ಬ್ಯಾರೆ," ಎಂದು ತಮ್ಮ ನಂಬರು ಕೊಟ್ಟರು. ಚಿಕ್ಕಪ್ಪನಾದರೂ ನನ್ನ ಪರವಾಗಿ ಒಂದು ಮಾತು ಆಡಬೇಕೇ ಬೇಡವೇ? "ಸಾಹೇಬ್ರು ಅನ್ನೋದು ಬರೋಬ್ಬರಿ ಐತಿ," ಎಂದ. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಸಪೇಟೆಯವರೆಗೆ ಅವನ ಜೊತೆ ಮಾತಾಡಲಿಲ್ಲ. ರೇಣುಕಾ ಅದೇ ವಿಮಾನದಲ್ಲಿ ತಾತನಿಗೆ ಒಂದು ಮಾತೂ ಹೇಳದೆ ಬೆಂಗಳೂರಿಗೆ ಮರಳಿದ್ದಳು.

ಎಲ್ಲರ ಮುಂದೆ ಅವಮಾನ ಮಾಡಿದ, ಮೊಮ್ಮಗಳ ಅನ್ನಕ್ಕೆ ಕಲ್ಲು ಹಾಕಿದ ಎಂದು ನಮ್ಮ ಯಜಮಾನರ ಮುಂದೆ ಎರಡು ದಿನ ಚಿಕ್ಕಪ್ಪನನ್ನು ಬೈದೆ. ಹಾಗೆ ಬೈಯುವಾಗಲೆಲ್ಲ ಕರೆಗಂಟೆ ಒತ್ತಿದ್ದು ಯಾರೆಂಬ ಸಣ್ಣ ಸಂಗತಿಯನ್ನು ಜಾಣತನದಿಂದ ಬಿಟ್ಟುಬಿಡುತ್ತಿದ್ದೆ. ಮೂರನೆಯ ದಿನ ಅವರು ಹೆಲ್ಮೆಟ್ಟಿನ ಧೂಳು ಒರೆಸುತ್ತ, "ಅಲ್ಲಾ, ಆ ಹುಡುಗಿ ಯಾಕ ಎದ್ದು ಬಂದ್ಲು?" ಎಂದು ಕೇಳಿದರು. ಒಲೆಯ ಮೇಲೆ ಹಾಲಿದೆ ಎಂದು ನಾನು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಶನಿವಾರ ರೇಣುಕಾ ರಜೆಯ ಮೇಲೆ ಹಂಪಿಗೆ ಬಂದಳೆಂದು ತಿಳಿದು ನಾನೂ ಹೋದೆ. ಅಧಿಕಾರಿಗಳ ಸೋಮವಾರದ ಮಾತನ್ನು ಫೋನಿನಲ್ಲೇ ಅವಳಿಗೆ ತಿಳಿಸಿದ್ದೆ. ಹುಡುಗಿಯ ಮುಖ ಬಾಡಿತ್ತು. ಹೊಳೆಯ ಮೆಟ್ಟಿಲ ಮೇಲೆ ಒಂದು ಕಡೆ ಅವಳು, ನಾಲ್ಕು ಮೆಟ್ಟಿಲು ಕೆಳಗೆ ಚಿಕ್ಕಪ್ಪ. ಇಬ್ಬರ ನಡುವೆ ಹೋಗಿ ಕೂತೆ.

"ಎಲ್ರ ಮುಂದ ಹಂಗ ಅಂದಿಯಲ್ಲ ತಾತ," ಎಂದಳು ರೇಣುಕಾ ಕೊನೆಗೆ. "ನಾ ನಿನಗಂತ ಬಂದಿದ್ದೆ. ಬ್ಯಾರೆ ಯಾರು ಕರದಿದ್ರೂ ಏಳ್ತಿದ್ದಿಲ್ಲ."

ಚಿಕ್ಕಪ್ಪ ನೀರು ನೋಡುತ್ತಲೇ ಹೇಳಿದ.

"ನಿಮ್ಮಜ್ಜಿ ಹೊಸದಾಗಿ ಮನಿಗೆ ಬಂದಾಗಿನ ಮಾತು. ನನ್ನ ಹರಿಗೋಲದಾಗ ಕುಂತಿದ್ಲು. ನಡುಹೊಳಿಯಾಗ, ಗೋಪುರ ನೋಡ್ತೀನಿ ಅಂತ ನಿಂತ್ಲು. ಬ್ಯಾಡ ಅನ್ನಾಕ ನನಗ ಬಾಯಿ ಬರ್ಲಿಲ್ಲವಾ. ಹೊಸ ಹೆಂಡ್ತಿ. ಚಂದ ಕಾಣ್ತಿದ್ಲು ಬ್ಯಾರೆ. ಹರಿಗೋಲು ವಾಲಿತು. ಕೈಗೆ ಸೆರಗು ಸಿಕ್ತು, ಆಕಿ ಉಳುದ್ಲು. ತವರುಮನಿ ಹಿತ್ತಾಳಿ ಕೊಡ ಹೋತು. ಸೆರಗು ಸಿಗದಿದ್ರ ನಿಮ್ಮಪ್ಪನೂ ಇಲ್ಲ, ನೀನೂ ಇಲ್ಲ."

ಆ ಕೊಡದ ಸಂಗತಿ ನನಗೆ ಗೊತ್ತಿತ್ತು. ತವರಿನ ಕೊಡ ಹೊಳೆ ಪಾಲಾಯಿತೆಂದು ಚಿಕ್ಕಮ್ಮ ಸಾಯುವವರೆಗೂ ಹೇಳಿಕೊಂಡು ಪೇಚಾಡುತ್ತಿದ್ದಳು. ಹೇಗೆ ಹೋಯಿತು ಎಂದು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಗಂಡನ ಮಾನವನ್ನು ಅವಳು ಅಷ್ಟು ವರ್ಷ ಕಾದುಕೊಂಡು ಬಂದಿದ್ದಳೆಂದು ನನಗೆ ತಿಳಿದದ್ದು ಆಗಲೇ.

"ಹೊರಗಿನ ಮಂದಿಗೆ ನಾ ಒಮ್ಮೀನೂ ನಿಲ್ಲಾಕ ಬಿಟ್ಟೋನಲ್ಲ," ಎಂದ ಚಿಕ್ಕಪ್ಪ. "ಬಿಟ್ಟದ್ದು ನಮ್ಮಾಕಿಗೆ. ಆವತ್ತಿಂದ ಹುಟ್ಟು ತೊಡಿ ಮ್ಯಾಲ ಇಡೋದು ಕಲ್ತೆ. ಇಮಾನದಾಗೂ ನನಗ ಮಂದಿ ಮುಂದ ಅಂತೇನೂ ಹೊಳೀಲಿಲ್ಲವಾ. ನೀ ನಿಂತಿದ್ದಷ್ಟ ಕಂಡದ್ದು ನನಗ."

ರೇಣುಕಾ ಅಳುತ್ತಿದ್ದಳು. ಇಷ್ಟಾದ ಮೇಲೂ ನಾನು ಬಾಯಿ ಮುಚ್ಚಿಕೊಂಡಿದ್ದರೆ ಮನುಷ್ಯಳೇ ಅಲ್ಲ. "ಗಂಟಿ ಒತ್ತಿದಾಕಿ ನಾನು," ಎಂದೆ. "ಎರಡು ಸಲ ಒತ್ತೀನಿ. ಆದ್ರೂ ಮನ್ಯಾಗ ಚಿಕ್ಕಪ್ಪನ್ನ ಬೈಯಾಕ ಹತ್ತೀನಿ. ಬರಿಯೋದಾದ್ರ ಮದ್ಲು ನನ್ನ ಹೆಸರು ಬರಿ ರೇಣಿ."

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ಆಮೇಲೆ ಫಕ್ಕನೆ ನಕ್ಕಳು. "ಬರಿಲೇನು, ಅತ್ತೀಗೆ ಫೋಟೋ ಹುಚ್ಚು ಅಂತ?"

ಅಲ್ಲೇ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಬರೆದಳು. ನಡೆದದ್ದು ನಡೆದ ಹಾಗೆ, ಒಂದು ಪುಟ. ಓದಿ ಕೊಡಿ ಎಂದು ನನಗೆ ಕೊಟ್ಟಳು. ಇಂಗ್ಲಿಷಿನಲ್ಲಿ ಎರಡು ಕಡೆ ಅಲ್ಪವಿರಾಮ ತಿದ್ದಿದೆ, ಹಳೆಯ ಚಾಳಿ. ಅದರಲ್ಲಿ ಅತ್ತೆಯೂ ಇರಲಿಲ್ಲ, ನೇಹಾಳ ಮೇಲೆ ದೂರೂ ಇರಲಿಲ್ಲ. ಪ್ರಯಾಣಿಕರೊಬ್ಬರು ಕರೆದಾಗ ಏಳಬಾರದಿತ್ತು, ಎದ್ದೆ, ನನ್ನನ್ನು ನೋಡಿ ಇತರರೂ ಎದ್ದರು ಎಂದಷ್ಟೇ ಇತ್ತು. ಕಳಿಸುವ ಗುಂಡಿ ಒತ್ತಿದಳು. ಕೆಲಸ ಹೋಗಬಹುದೆಂದು ನಮಗೆ ಮೂವರಿಗೂ ಗೊತ್ತಿತ್ತು.

ಕೆಲಸ ಹೋಗಲಿಲ್ಲ. ಆದರೆ ಪುಕ್ಕಟೆಯಾಗಿಯೂ ಉಳಿಯಲಿಲ್ಲ. ಒಂದು ತಿಂಗಳು ಹಾರುವಂತಿಲ್ಲ, ಕೊನೆಯ ವಾರ ಮತ್ತೆ ತರಬೇತಿಗೆ ಹಾಜರಾಗಬೇಕು, ಪರೀಕ್ಷೆಯ ಅವಧಿ ಇನ್ನೂ ಮೂರು ತಿಂಗಳು ಎಂದು ಪತ್ರ ಬಂತು. ಬೂಟಿನ ಅಧಿಕಾರಿಗಳೂ ಸೋಮವಾರ ಬರೆದರು. ತಪ್ಪನ್ನು ಬರೆದು, ಅದನ್ನು ಹುಡುಗಿ ತಾನೇ ಒಪ್ಪಿಕೊಂಡದ್ದನ್ನೂ ಬರೆದು, ಒಂದು ಪ್ರತಿಯನ್ನು ನನಗೂ ಕಳಿಸಿದರು. ನೇಹಾಗೂ ಅದೇ ತರಬೇತಿಗೆ ಬರಹೇಳಿದ್ದರಂತೆ. ಮೊದಲೆರಡು ದಿನ ಅವಳು ರೇಣುಕಾಳ ಜೊತೆ ಮಾತು ಬಿಟ್ಟಿದ್ದಳು. ಮೂರನೆಯ ದಿನ ಕಲಿಸುವವರು, ಪ್ರಯಾಣಿಕರು ಮಾತು ಕೇಳದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಾಗ, ರೇಣುಕಾ ಎದ್ದುನಿಂತು ಹರಿಗೋಲಿನ ಕಥೆ ಹೇಳಿದಳಂತೆ. ನೇಹಾ ಬಂದು ಪಕ್ಕದಲ್ಲಿ ಕೂತು, ಆ ಅಜ್ಜನ ದನಿಗೆ ನಾನು ಇನ್ನೂ ಕನಸಿನಲ್ಲಿ ಬೆಚ್ಚಿಬೀಳುತ್ತೇನೆ ಎಂದು ಕೈ ಹಿಡಿದುಕೊಂಡಳಂತೆ. ಇದನ್ನು ಕೇಳಿ ಚಿಕ್ಕಪ್ಪ, "ಆ ಹುಡುಗಿನೂ ಒಮ್ಮೆ ಕರ್ಕಂಡು ಬಾ, ಹರಿಗೋಲದಾಗ ಕುಂದ್ರಿಸೋಣು" ಎಂದ.

ಇದೆಲ್ಲ ಆಮೇಲಿನ ಮಾತು. ಅದಕ್ಕೂ ಮೊದಲು ಮೂರು ವಾರ ಹುಡುಗಿ ಹಂಪಿಯಲ್ಲೇ ಇದ್ದಳು. ಸುಮ್ಮನೆ ಕೂರಲಾರದೆ ತಾತನ ಹಳೆಯ ಹರಿಗೋಲಿಗೆ ತಾನೇ ಡಾಂಬರು ಬಳಿದಳು. ಚಿಕ್ಕಪ್ಪ ಈಗ ಮಂದಿಯನ್ನು ದಾಟಿಸುವುದು ಬಿಟ್ಟಿದ್ದಾನೆ, ಆದರೂ ಹರಿಗೋಲು ಇಟ್ಟುಕೊಂಡಿದ್ದಾನೆ. ದಿನಾ ಬೆಳಿಗ್ಗೆ ದಂಡೆಯ ಹತ್ತಿರದ ನಿಂತ ನೀರಿನಲ್ಲಿ ಅವಳಿಗೆ ಹುಟ್ಟು ಹಾಕುವುದನ್ನು ಕಲಿಸಿದ. ಮೊದಲ ವಾರ ಹರಿಗೋಲು ಗಿರಗಿರನೆ ತಿರುಗುವುದೊಂದೇ ಆಯಿತು. ನೋಡಲು ಹೋದ ನನಗೆ ದಂಡೆಯಲ್ಲೇ ತಲೆಸುತ್ತು ಬಂತು.

ಅವಳು ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ನನ್ನನ್ನೂ ಹತ್ತಿಸಿಕೊಂಡರು. ಹುಟ್ಟು ಅವಳ ಕೈಯಲ್ಲಿ. ಎದುರಿಗೆ ಚಿಕ್ಕಪ್ಪ, ಬದುಕಿನಲ್ಲಿ ಮೊದಲ ಸಲ ಹರಿಗೋಲಿನ ಪ್ರಯಾಣಿಕನಾಗಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಶಾಲೆಗೆ ಸೇರಿದ ಮಗುವಿನ ಹಾಗೆ ಕೂತಿದ್ದ. ಎಳೆ ಬಿಸಿಲು ಬಂಡೆಗಳ ಮೇಲೆ ಬಿದ್ದಿತ್ತು. ಹಿಂದೆ ಗೋಪುರ, ಮುಂದೆ ಬಾಳೆತೋಟ, ನಡುವೆ ಹುಟ್ಟು ಹಾಕುತ್ತಿರುವ ನಮ್ಮ ಹುಡುಗಿ, ಅವಳನ್ನೇ ನೋಡುತ್ತಿರುವ ಅವಳ ತಾತ. ವಿಮಾನದಲ್ಲಿ ತಪ್ಪಿಹೋದ ಫೋಟೋ ಅದಕ್ಕಿಂತ ಚೆನ್ನಾಗಿ ಇಲ್ಲಿ ನನ್ನ ಕಣ್ಣೆದುರಿಗಿತ್ತು. ಕೂತರೆ ಗೋಪುರ ಚೌಕಟ್ಟಿನೊಳಗೆ ಬರುತ್ತಿರಲಿಲ್ಲ. ಮೊಬೈಲು ತೆಗೆದು, ಒಂದು ಕೈಯಿಂದ ಸೀರೆ ಎತ್ತಿ ಹಿಡಿದು, ಮೆಲ್ಲಗೆ ಎದ್ದು ನಿಂತೆ.

ನೀರಿನ ಸದ್ದು ನಿಂತಿತು.

ತಿರುಗಿ ನೋಡಿದೆ. ರೇಣುಕಾ ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಹೊಳೆಯನ್ನೇ ನೋಡುತ್ತ ಕೂತಿದ್ದಳು. ಬೈಯಲಿಲ್ಲ. ಅತ್ತೀ ಎಂದು ಕೂಡ ಅನ್ನಲಿಲ್ಲ. ಹರಿಗೋಲು ನಿಧಾನವಾಗಿ ತಿರುಗಿತು. ಗೋಪುರ ಹೋಯಿತು, ಬಾಳೆತೋಟ ಬಂತು, ದಂಡೆ ಬಂತು, ಮತ್ತೆ ಗೋಪುರ ಬಂತು. ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. ಮೊಮ್ಮಗಳ ಕೈಯಲ್ಲಿದ್ದ ಹುಟ್ಟನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ನಾನು ಕೂತೆ. ಕೂತವಳ ಕೈಗಳು ತಾವಾಗಿಯೇ ಸೊಂಟದ ಪಕ್ಕದಲ್ಲಿ ಬೆಲ್ಟು ಹುಡುಕಿದವು. ಹುಟ್ಟು ಮತ್ತೆ ನೀರಿಗಿಳಿಯಿತು.

ಆ ಫೋಟೋ ಇವತ್ತಿಗೂ ನನ್ನ ಹತ್ತಿರ ಇಲ್ಲ. ಅದಕ್ಕೇ ನಿಮ್ಮ ಮುಂದೆ ಇಷ್ಟೆಲ್ಲ ಬರೆಯಬೇಕಾಯಿತು.